ದೊಡ್ಡಕ್ಕನ ಕೈಗೆ ಬಂದ ಡಬ್ಬಿ

ನವೆಂಬರ್ 3, ಸೋಮವಾರ. ಬೆಳಗ್ಗೆ

ಅನ್ನ ಆಯಿತು. ಕಾಳು ಬೇಯುತ್ತಿದೆ. ಅದು ಬೇಯುವಷ್ಟು ಹೊತ್ತು ಇಲ್ಲಿ ಗೀಚುವುದು. ಗೀಚದಿದ್ದರೆ ಗೋಡೆಯ ಜೊತೆ ಮಾತಾಡಬೇಕಾಗುತ್ತದೆ. ಗೋಡೆಗೂ ನನ್ನಿಂದ ಸಾಕಾಗಿದೆ.

ಅಡುಗೆಯಲ್ಲಿ ನನ್ನದೊಂದು ಸಿಸ್ಟಮ್. ಕೊನೆಯ ದಿನಗಳಲ್ಲಿ ನನ್ನ ಹೆಂಡತಿ ಮಂಚದ ಮೇಲಿಂದಲೇ ಅಡುಗೆ ಮಾಡಿಸಿದಳು, ನಾನು ಬರೀ ಕೈ. ಈಗ ಈರುಳ್ಳಿ ಹಾಕಿ. ಈಗ ಉರಿ ಸಣ್ಣ ಮಾಡಿ. ಈಗಲೂ ಅದೇ ಆರ್ಡರ್. ಅವಳು ಎಂದೂ ರುಚಿ ನೋಡಿದವಳಲ್ಲ, ಎಲ್ಲ ಕೈಯಂದಾಜು. ನಾನೂ ನೋಡುವುದಿಲ್ಲ. ನೋಡಿದರೆ ಅವಳ ಮೇಲೆ ನಂಬಿಕೆ ಇಲ್ಲವೆಂದಂತೆ. ಡಬ್ಬಿ ಮುಚ್ಚುವ ಹೊತ್ತಿಗೆ ಸರಿಯಾಗಿ ಮಂಚದ ಕಡೆಯಿಂದ ಕೇಳಿಸಿದ ಹಾಗಾಗುತ್ತದೆ — ರೀ, ಉಪ್ಪು ಹಾಕಿದ್ರಾ? ಹಾಕಿದ್ದೆನೋ ಇಲ್ಲವೋ... ಬೆನಿಫಿಟ್ ಆಫ್ ಡೌಟ್. ಹಾಕಿ ಮುಚ್ಚುತ್ತೇನೆ.

ಒಬ್ಬನಿಗೆ ಇಷ್ಟೆಲ್ಲ ಯಾಕೆ? ನನಗಲ್ಲ, ಡಬ್ಬಿಗೆ. ರಾತ್ರಿ ನನಗೆ ಹಾಲು, ಬ್ರೆಡ್ಡು. ಒಂದು ಹೊಟ್ಟೆಗೆ ಎರಡು ಸಲ ಒಲೆ ಹಚ್ಚುವುದು ನಾಚಿಕೆ.

ಬಸ್ಸಿಗೆ ಹೊತ್ತಾಯಿತು.

ಅದೇ ದಿನ. ಸಂಜೆ

ಮ್ಯಾನೇಜರ್ ಮೇಡಂ ಒಳಗೆ ಕರೆದರು. ಹೊಸಬರು, ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರಿರಬಹುದು. ನಿಂತೇ ಇದ್ದೆ. ಕೂತ್ಕೊಳ್ಳಿ ಅಂದರು. ಈ ಲಾಂಡ್ರಿಯಲ್ಲಿ ಇಷ್ಟು ವರ್ಷದಲ್ಲಿ ಆ ರೂಮಿನ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಕುರ್ಚಿ ಅಷ್ಟೇನೂ ಮೆತ್ತಗಿಲ್ಲ.

ವಿಷಯ ಇದು. ದೊಡ್ಡ ಆಸ್ಪತ್ರೆಯವರು ಎಚ್ಚರಿಕೆ ಕೊಟ್ಟಿದ್ದಾರೆ. ಡಿಸೆಂಬರ್ ಒಂದರಿಂದ ಹಾಸಿಗೆ ಬಟ್ಟೆಯೆಲ್ಲ ಮಧ್ಯಾಹ್ನ ಮೂರಕ್ಕೆ ಅವರ ಬಾಗಿಲಲ್ಲಿರಬೇಕು. ಇಲ್ಲವಾದರೆ ಬೇರೆ ಲಾಂಡ್ರಿ. ಆಸ್ಪತ್ರೆ ಹೋದರೆ ಇಸ್ತ್ರಿ ವಿಭಾಗ ಮುಚ್ಚುವುದೇ. ಇಸ್ತ್ರಿಯವರೆಲ್ಲ ಮನೆಗೆ.

ತಡವಾಗುವುದು ಯಾಕೆಂದು ನಮಗೆಲ್ಲ ಗೊತ್ತು. ಒಂದು ಗಂಟೆಗೆ ಊಟದ ಬೆಲ್ ಆದ ಕೂಡಲೇ ಬಾಯ್ಲರ್ ಮೇಸ್ತ್ರಿ ಹಬೆ ನಿಲ್ಲಿಸುತ್ತಾನೆ. ಎಲ್ಲರೂ ಒಟ್ಟಿಗೆ ಊಟಕ್ಕೆ. ಇಸ್ತ್ರಿ ಮಾಡುವ ರೋಲರ್ ತಣ್ಣಗಾಗುತ್ತದೆ. ಮತ್ತೆ ಕಾಯಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಹೊರಬಂದ ಬಟ್ಟೆಗೆಲ್ಲ ಹಸಿ ವಾಸನೆ.

“ಮೂರು ಪಾಳಿಯಲ್ಲಿ ಊಟ ಮಾಡಿದ್ರೆ ರೋಲರ್ ನಿಲ್ಲೋದೇ ಇಲ್ಲ,” ಅಂದರು ಮೇಡಂ.

“ಆರ್ಡರ್ ಹಾಕಿಬಿಡಿ ಮೇಡಂ.”

“ನನಗಿಂತ ಮುಂಚೆ ಇದ್ದವರು ಹಾಕಿದ್ರಂತಲ್ಲ. ಮಾರನೇ ದಿನ ಎಲ್ಲರಿಗೂ ಒಟ್ಟಿಗೆ ಜ್ವರ ಬಂತಂತೆ.”

ನಿಜ. ನನಗೂ ಬಂದಿತ್ತು.

“ನೀವು ಎಲ್ಲರ ಜೊತೆ ಕೂತು ಉಣ್ಣೋರು. ನೀವೇ ಒಪ್ಪಿಸಿ.”

ನಾನು ಟ್ಯಾಗ್ ಕ್ಲರ್ಕ್. ಬಂದ ಮೂಟೆಗೆ ಯಾರ ಬಟ್ಟೆ ಎಂದು ಚೀಟಿ ಕಟ್ಟುವವನು. ಎಲ್ಲರ ಬಾಯಲ್ಲಿ ಟ್ಯಾಗಣ್ಣ. ನನ್ನ ಕೈಕೆಳಗೆ ಇರುವುದು ಒಂದು ದಾರದುಂಡೆ, ಅದೂ ಹೇಳಿದ ಮಾತು ಕೇಳುವುದಿಲ್ಲ. ಇದನ್ನೇ ಮೇಡಂಗೆ ಹೇಳಿದೆ. ಅವರು ನಕ್ಕು ನಾಲ್ಕು ಹಾಳೆ ಜೆರಾಕ್ಸ್ ಕೊಟ್ಟರು. ಅವರ ಟ್ರೇನಿಂಗಿನದು. ಇನ್‌ಫ್ಲುಯೆನ್ಸ್ ವಿದೌಟ್ ಅಥಾರಿಟಿ.

ನವೆಂಬರ್ 4, ಮಂಗಳವಾರ

ಹಾಳೆ ಓದಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು. ಪರ್ಸುವೇಡ್ ಬೇರೆ, ಕನ್ವಿನ್ಸ್ ಬೇರೆ ಎಂದು ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರ್ ಇಡೀ ಒಂದು ಪೀರಿಯಡ್ ಹೇಳಿದ್ದರು. ಯಾವುದು ಯಾವುದೆಂದು ಮರೆತಿದೆ. ಅವರ ಕೋಟಿನ ಬಣ್ಣ ನೆನಪಿದೆ.

ಒಂದು ಪದ ಮಾತ್ರ ಹಿಡಿಸಿತು. ರೆಸಿಪ್ರೊಸಿಟಿ. ಕೇಳುವ ಮುಂಚೆ ಕೊಡು ಎಂದು. ಕೊಟ್ಟಿದ್ದರೆ ಧೈರ್ಯವಾಗಿ ಕೇಳಬಹುದು.

ನಾನು ಏನು ಕೊಟ್ಟಿದ್ದೇನೆ? ಯೋಚಿಸಿದೆ. ಡಬ್ಬಿ!

ನಮ್ಮಲ್ಲಿ ಯಾರೂ ತಮ್ಮ ಡಬ್ಬಿಯನ್ನು ತಾವು ಉಣ್ಣುವುದಿಲ್ಲ. ಯಾರು ಶುರುಮಾಡಿದರೋ, ನಾನು ಸೇರುವಾಗಲೇ ಇತ್ತು. ಹರಿದ ಬಿಳಿ ಹಾಸಿಗೆಬಟ್ಟೆಯ ತುಂಡು ಎಲ್ಲರಿಗೂ ಒಂದೇ ಥರ. ಅದರಲ್ಲಿ ಡಬ್ಬಿ ಗಂಟು ಕಟ್ಟಿ ಬಿಸಿ ಪೈಪಿನ ಮೇಲಿನ ಹಲಗೆಯಲ್ಲಿಡುವುದು. ಬೆಲ್ ಆದಾಗ ಕೈಗೆ ಸಿಕ್ಕಿದ್ದು ನಮ್ಮದು. ನಮ್ಮದೇ ಸಿಕ್ಕರೆ ವಾಪಸ್ ಇಟ್ಟು ಇನ್ನೊಂದು. ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವುದು ಇಸ್ತ್ರಿಯ ದೊಡ್ಡಕ್ಕ — ಹಳಬರು ಎನ್ನುವುದು ಬಿಟ್ಟರೆ ಅವರಿಗೂ ಯಾವ ಪೋಸ್ಟೂ ಇಲ್ಲ.

ಅವಳಿದ್ದಾಗ ನನ್ನ ಡಬ್ಬಿಗೆ ಜಗಳವೇ ಆಗುತ್ತಿತ್ತು. ತಮಾಷೆ ಎಂದರೆ, ಅವಳು ಕಟ್ಟಿಕೊಟ್ಟ ಬುತ್ತಿಯನ್ನು ಒಂದು ದಿನವೂ ನಾನು ಉಣ್ಣಲಿಲ್ಲ. ಲಾಂಡ್ರಿಗೆಲ್ಲ ಅವಳ ಕೈರುಚಿ ಗೊತ್ತಿತ್ತು, ಮಧ್ಯಾಹ್ನದ ಹೊತ್ತಿನದು ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ನಾನು ಮಾಡಿದ ಡಬ್ಬಿ ಯಾರಿಗೂ ಬೇಡವಾಗುತ್ತದೆಂದು ಹೆದರಿದ್ದೆ. ಹೆಚ್ಚುಕಡಿಮೆ ಒಂದು ವರ್ಷವಾಯಿತು, ಪ್ರತಿದಿನ ದೊಡ್ಡಕ್ಕನ ಕೈಗೇ ಹೋಗುತ್ತಿದೆ! ಇವತ್ತೂ. ಒಗೆತದ ವಿಭಾಗದ ರೇಡಿಯೋ — ಬಾಯಿ ಮುಚ್ಚದವನಾದ್ದರಿಂದ ಆ ಹೆಸರು — ಅಂದ: “ದೊಡ್ಡಕ್ಕನ ಮೂಗು ಪೊಲೀಸ್ ನಾಯಿ ಮೂಗು. ಟ್ಯಾಗಣ್ಣನ ಡಬ್ಬಿ ಎಲ್ಲಿದ್ರೂ ಹಿಡೀತಾರೆ!”

“ನಿನ್ನ ಡಬ್ಬಿ ಹಿಡಿಯೋಕೆ ಮೂಗು ಬೇಡ, ಮೂಗು ಮುಚ್ಕೊಂಡ್ರೂ ಗೊತ್ತಾಗುತ್ತೆ,” ಅಂದರು ದೊಡ್ಡಕ್ಕ. ಡಬ್ಬಿ ಪೂರ್ತಿ ಖಾಲಿ ಮಾಡಿದರು. ಮೇಲೆ ಮೂರು ಲೋಟ ನೀರು. ಇಸ್ತ್ರಿಯ ಶಾಖ ಅಂಥದು, ಪಾಪ.

ಆದ್ದರಿಂದ ನನ್ನ ಕ್ರೆಡಿಟ್ ದೊಡ್ಡಕ್ಕನ ಹತ್ತಿರ ಬೇಕಾದಷ್ಟಿದೆ. ಅದನ್ನು ಕೊನೆಗೆ ತೆಗೆಯುವುದು. ಮೊದಲು ಮಿಕ್ಕವರು.

ನವೆಂಬರ್ 7, ಶುಕ್ರವಾರ

ಬಾಯ್ಲರ್ ಮೇಸ್ತ್ರಿಯ ಹತ್ತಿರ ಹೋದೆ. ಕೇಳುವ ಮುಂಚೆ ಕೊಡು. “ಮೇಸ್ತ್ರಿ, ನೀವು ನಿಧಾನವಾಗಿ ಊಟ ಮಾಡಿ, ನಾನು ಇಲ್ಲಿ ಪ್ರೆಶರ್ ಮುಳ್ಳು ನೋಡ್ಕೊಂಡು ನಿಂತಿರ್ತೀನಿ.”

“ಯಾಕೆ? ಪ್ರಮೋಷನ್ ಕೊಡ್ತಾರಂತಾ ನಿಮಗೆ?”

“ಇಲ್ಲಪ್ಪ.”

“ಮತ್ತೆ ಸಾಲ ಗೀಲ ಬೇಕಾ?”

“ಇಲ್ಲ.”

“ಹಾಗಾದ್ರೆ ಹುಷಾರಿಲ್ವಾ?”

ಉಪಕಾರ ಮಾಡಲು ಹೋದರೆ ಜನ ಮೈ ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಆದರೂ ಅಲ್ಲೇ ಕೂತೆ. ಕೂತರೆ ಮನುಷ್ಯ ಮಾತಾಡುತ್ತಾನೆ. ಎಲ್ಲರೂ ಹರಟುವಾಗ ತಾನು ಅರ್ಧಕ್ಕೇ ಎದ್ದು ವಾಲ್ವ್ ತೆರೆಯಲು ಓಡಬೇಕು, ಒಂದು ದಿನವೂ ಕೈ ತೊಳೆದು ಕೂತು ಜೋಕ್ ಪೂರ್ತಿ ಕೇಳಿಲ್ಲ ಅಂದ. ರೇಡಿಯೋ ಹೇಳುವ ಜೋಕಿನ ಮೊದಲರ್ಧವೆಲ್ಲ ಅವನಿಗೆ ಗೊತ್ತು, ಕೊನೆ ಒಂದೂ ಗೊತ್ತಿಲ್ಲ. ಇಷ್ಟು ವರ್ಷ ಜೊತೆಗಿದ್ದು ನಾನಿದನ್ನು ನೋಡಿಯೇ ಇರಲಿಲ್ಲ.

ಹಬೆ ನಿಲ್ಲಿಸದೇ ಹೋದರೆ ನೀವು ಓಡಬೇಕಿಲ್ಲ, ಮೂರನೇ ಒಂದು ಪಾಲು ಜನರ ಜೊತೆಗಾದರೂ ಜೋಕಿನ ಕೊನೆಯವರೆಗೆ ಕೂರಬಹುದು, ಆಗ ಗೇಟು ಕಾಯುವ ಹುಡುಗ ಮುಳ್ಳು ನೋಡಲಿ ಅಂದೆ. ಯೋಚಿಸಿದ. ತಲೆಯಾಡಿಸಿದ್ದು ಹೌದೆಂದೋ ಇಲ್ಲವೆಂದೋ ಹಬೆಯಲ್ಲಿ ಕಾಣಲಿಲ್ಲ.

ನವೆಂಬರ್ 9, ಭಾನುವಾರ

ಮಗಳು ಬಂದಿದ್ದಳು. ಎರಡು ಬಸ್ಸು ಹಿಡಿದು. ಮಧ್ಯಾಹ್ನಕ್ಕೂ ರಾತ್ರಿಗೂ ಆಗುವಷ್ಟು ಮಾಡಿ ತಂದಿದ್ದಳು.

“ಅಪ್ಪಾ, ನೀನು ದಿನಾ ಏನು ಮಾಡ್ಕೋತೀಯ? ನನಗೂ ಒಂದು ದಿನ ಮಾಡಿ ಹಾಕು.”

“ನನ್ನ ಕೈಯಡುಗೆಗೆ ಡಿಮಾಂಡ್ ಇದೆ ಕಣಮ್ಮ. ಡಬ್ಬಿ ತೊಳೆದ ಹಾಗೆ ವಾಪಸ್ ಬರುತ್ತೆ.”

“ಅಮ್ಮ ಕೇಳಿದ್ರೆ ಬಿದ್ದು ಬಿದ್ದು ನಗ್ತಿದ್ಳು.”

ಇಬ್ಬರೂ ನಕ್ಕೆವು. ಆಮೇಲೆ ಅವಳು ಫ್ಯಾನಿನ ಧೂಳು ಒರೆಸಿದಳು. ಬಿಸಿಲಿರುವಾಗಲೇ ಹೊರಟಳು. ಬಸ್ ತಿರುಗುವವರೆಗೆ ನಿಂತಿದ್ದೆ, ಆಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ. ಒಂದು ಆಟೋದವನು ಎಲ್ಲಿಗೆ ಸಾರ್ ಅಂದ. ಎಲ್ಲಿಗೂ ಇಲ್ಲ ಅಂದೆ.

ನವೆಂಬರ್ 14, ಶುಕ್ರವಾರ

ಇವತ್ತು ಊಟದ ಮೇಜಿನಲ್ಲಿ ವಿಷಯ ತೆಗೆದೆ. ತೆಗೆಯಬಾರದಿತ್ತು. ಹಾಳೆಯಲ್ಲಿ ಒಬ್ಬೊಬ್ಬರನ್ನೇ ಕಾಣು ಎಂದಿತ್ತು, ನಾನು ದುಡುಕಿದೆ. ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ ಬೇರೆ. ಚುನಾವಣೆಗೆ ನಿಂತವನ ಹಾಗೆ.

ಆಸ್ಪತ್ರೆಯ ಮಾತು ಹೇಳಿದೆ. ಸುಮ್ಮನೆ ಕೇಳಿದರು. ಮೂರು ಪಾಳಿ ಎಂದೆ, ಅಷ್ಟೇ.

ರೇಡಿಯೋ: “ಮೂರು ಮೂರು ಜನ ಕೂತ್ರೆ ಡಬ್ಬಿ ಏನು ಬದಲಾಯಿಸೋದು? ಮದುವೆಯಾಗಿ ಹತ್ತು ವರ್ಷ ತಪ್ಪಿಸ್ಕೊಂಡಿದೀನಿ, ಈಗ ನನ್ನ ಹೆಂಡ್ತಿ ಮಾಡಿದ್ದು ನಾನೇ ತಿನ್ಬೇಕಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದಿನಿಂದ ಯಾರೋ — “ಮೇಡಂ ರೂಮಲ್ಲಿ ಕುರ್ಚಿ ಸಿಕ್ಕಿದೆಯಲ್ಲ, ಅದರ ಬಾಡಿಗೆ ಕಟ್ತಿದಾರೆ.” ಇನ್ನೊಬ್ಬ — “ಚಮಚ.” ಈ ಸಲ ನಗು ಬೇರೆ ಥರ ಇತ್ತು. ನಾನು ನಗಲಿಲ್ಲ.

ದೊಡ್ಡಕ್ಕ ನನ್ನ ಡಬ್ಬಿ ಮುಗಿಸುತ್ತಿದ್ದರು.

ನವೆಂಬರ್ 18, ಮಂಗಳವಾರ

ನನ್ನ ಪಕ್ಕದ ಸ್ಟೂಲ್ ಖಾಲಿ. ನಿನ್ನೆಯೂ. ಯಾರೂ ಬಯ್ಯುವುದಿಲ್ಲ. ಟ್ಯಾಗ್ ಕೊಡಿ, ತಗೊಳ್ಳಿ. ಅಷ್ಟೇ ಮಾತು.

ಇಡೀ ದಿನದಲ್ಲಿ ನಾನು ಮನುಷ್ಯರ ಜೊತೆ ಮಾತಾಡುವುದು ಆ ಒಂದು ಮೇಜಿನಲ್ಲಿ. ಯಾರದೋ ಮನೆಯ ಒಗ್ಗರಣೆ, ಯಾರದೋ ಅತ್ತೆಯ ಜಗಳ, ಯಾರದೋ ಮಗುವಿನ ಹಲ್ಲು — ಡಬ್ಬಿ ಬಿಚ್ಚಿದರೆ ಅವರ ಮನೆಯೊಳಗೆ ಹೋಗಿ ಕೂತ ಹಾಗೆ. ಸಂಜೆ ಬೀಗ ತೆಗೆದು ನನ್ನ ಮನೆಯೊಳಗೆ ಹೋಗುವುದಕ್ಕೆ ಅಷ್ಟು ಬೇಕು. ಅದನ್ನೇ ಒಡೆಯಲು ಹೊರಟಿದ್ದೇನೆ ಎಂದು ಇವತ್ತು ಹೊಳೆಯಿತು. ಎಂಥ ಬುದ್ಧಿವಂತ.

ಬಿಟ್ಟುಬಿಡಲೇ? ಬಿಟ್ಟರೆ ಇಸ್ತ್ರಿಯವರು ಬೀದಿಗೆ. ದೊಡ್ಡಕ್ಕನ ಗಂಡ ಕೂತಲ್ಲೇ ಇರುವವನು, ಅವರ ಕೈ ನಡೆದರೆ ಆ ಮನೆ ನಡೆಯುತ್ತದೆ. ಆ ವಯಸ್ಸಿಗೆ ಇನ್ನೆಲ್ಲಿ ಕೆಲಸ?

ನವೆಂಬರ್ 27, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಕಾಳು ಬೇಯುವಾಗ ಬೇಯುವುದನ್ನೇ ನೋಡುತ್ತ ನಿಂತಿದ್ದೆ.

ಇವತ್ತು ದೊಡ್ಡಕ್ಕ ಒಬ್ಬರೇ ಬಟ್ಟೆ ಮಡಿಚುವ ಮೇಜಿನ ಹತ್ತಿರ ಇದ್ದರು. ಹೋಗಿ ಹಾಸಿಗೆಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಮಡಿಚುತ್ತ, ಹತ್ತಿರ ಬರುತ್ತ, ದೂರ ಹೋಗುತ್ತ... ಹೀಗೆ ಮಾತಾಡುವುದು ಸುಲಭ. ಮುಖ ನೋಡಬೇಕಾಗಿಲ್ಲ.

ನನ್ನ ಕ್ರೆಡಿಟ್ ಹೊರತೆಗೆದೆ. “ದೊಡ್ಡಕ್ಕ, ನೀವು ಒಂದು ವರ್ಷದಿಂದ ನನ್ನ ಡಬ್ಬಿ ಉಂಡಿದೀರಿ. ಆ ಹಕ್ಕಿನ ಮೇಲೆ ಒಂದು ಮಾತು ಕೇಳ್ತೀನಿ.”

ಅವರು ಮಡಿಚುವುದನ್ನು ನಿಲ್ಲಿಸಿದರು. ಬಟ್ಟೆಯ ಹಿಂದೆ ಮುಖ ಮರೆಯಾಗಿತ್ತು. ಭುಜ ಅಲುಗುತ್ತಿತ್ತು. ಕೆಮ್ಮೋ ನಗುವೋ. “ಹೌದಣ್ಣಾ,” ಅಂದರು ಕೊನೆಗೆ, “ನಿಮ್ಮ ಉಪ್ಪಿನ ಋಣ ನನ್ನ ಮೇಲೆ ಬೇಕಾದಷ್ಟಿದೆ. ಕೇಳಿ.”

ಕೇಳಿದೆ. ಎಲ್ಲ ಹೇಳಿದೆ. ಆಸ್ಪತ್ರೆ ಹೋದರೆ ಮೊದಲು ಹೋಗುವುದು ಅವರ ವಿಭಾಗ ಎಂದೂ ಹೇಳಿದೆ.

“ಅದು ನನಗೆ ಗೊತ್ತಿಲ್ವಾ? ಜನ ಪಾಳಿಗೆ ಹೆದರ್ತಿಲ್ಲ ಅಣ್ಣಾ. ಪಾಳಿ ಮಾಡಿದೋರು ಒಳ್ಳೇ ಹೊತ್ತು ತಾವಿಟ್ಕೊಂಡು ಕೆಟ್ಟದ್ದು ನಮಗೆ ತಳ್ತಾರೆ ಅಂತ ಹೆದರ್ತಿದಾರೆ. ನೀವು ಯಾವ ಪಾಳಿ?”

“ಕೊನೇದು. ಎರಡೂವರೆಗೆ. ಆಸ್ಪತ್ರೆ ವ್ಯಾನ್ ಕಳಿಸಿದ ಮೇಲೆ.”

“ನಿಮ್ಮ ಜೊತೆ ಯಾರು?”

“ಆ ಹೊತ್ತಿಗೆ ಯಾರು ಕಾಯ್ತಾರೆ? ಮೂರನೇ ಪಾಳಿಯವರು ಎರಡಕ್ಕೆ ಉಂಡಿರ್ತಾರೆ. ನಾನೊಬ್ಬನೇ.”

“ಮತ್ತೆ ಯಾರ ಡಬ್ಬಿ ತಿಂತೀರಿ?”

“ನಂದೇ.”

“ನಿಮ್ದೇನಾ!” ಅವರ ಕೈಯಿಂದ ಬಟ್ಟೆಯ ತುದಿ ಜಾರಿತು. “ಬೇಡ ಬೇಡ. ಅದು... ತಣ್ಣಗಾಗಿರುತ್ತೆ. ನಮ್ಮ ಪಾಳಿಗೇ ಬನ್ನಿ ಅಣ್ಣಾ, ವ್ಯಾನ್ ಯಾರಾದ್ರೂ ನೋಡ್ಕೋತಾರೆ.”

“ಕೇಳಿದವನೇ ಒಳ್ಳೇ ಹೊತ್ತು ಇಟ್ಕೊಂಡ ಅನ್ಸೋದು ಬೇಡ. ನೀವೇ ಹೇಳಿದ್ರಲ್ಲ.”

ದೊಡ್ಡಕ್ಕ ಬಿದ್ದ ತುದಿ ಎತ್ತಿಕೊಂಡರು. ಮಡಿಚಿದೆವು.

ನವೆಂಬರ್ 28, ಶುಕ್ರವಾರ

ದೊಡ್ಡಕ್ಕ ಎದ್ದು ನಿಲ್ಲಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಉಣ್ಣುತ್ತಲೇ ಅಂದರು: “ಸೋಮವಾರದಿಂದ ಮೂರು ಪಾಳಿ. ಮೊದಲನೇದಕ್ಕೆ ನಾನು ಹೋಗ್ತೀನಿ, ಹಸಿವಾಗದ ಹೊತ್ತಿಗೆ. ಎಲ್ಲರಿಗಿಂತ ಕೊನೆಗೆ ಟ್ಯಾಗಣ್ಣ, ಒಬ್ಬರೇ. ಮಧ್ಯದಲ್ಲಿ ಯಾರ್ಯಾರು ಬೇಕೋ ಜಗಳಾಡ್ಕೊಳ್ಳಿ.”

ಬಾಯ್ಲರ್ ಮೇಸ್ತ್ರಿ ಕೈ ಎತ್ತಿದ — “ರೇಡಿಯೋ ಯಾವ ಪಾಳಿಯೋ ನಾನೂ ಅದೇ. ಜೋಕ್ ಬಾಕಿ ಇದೆ.”

ರೇಡಿಯೋ ತಲೆ ಕೆರೆದುಕೊಂಡ. “ಟ್ಯಾಗಣ್ಣ ಒಬ್ರೇನಾ? ಕೊನೆಗಾ?” ಅಂದ. ಆಮೇಲೆ, “ಸರಿ, ಹೆಂಡ್ತಿಗೆ ಅಡುಗೆ ಕಲಿಸ್ತೀನಿ.”

ಮುಗಿಯಿತು! ಅಷ್ಟೇ! ಒಂದು ತಿಂಗಳು ನಾನು ಹೊತ್ತ ಬಂಡೆಯನ್ನು ಅನ್ನ ಕಲಸುತ್ತ ಪಕ್ಕಕ್ಕಿಟ್ಟರು. ಹಾಳೆಯಲ್ಲಿ ಹೇಳಿದ ಇನ್‌ಫ್ಲುಯೆನ್ಸ್ ಇದೇ ಇರಬೇಕು. ಅವರಿಗೆ ಅದು ಎಲ್ಲಿಂದ ಬಂತು? ಯಾರಿಗೆ ಏನು ಕೊಟ್ಟಿದ್ದಾರೆ? ಎತ್ತಿಕೊಳ್ಳುವುದನ್ನಷ್ಟೇ ನೋಡಿದ್ದೇನೆ ನಾನು.

ನವೆಂಬರ್ 29, ಶನಿವಾರ

ಒಟ್ಟಿಗೆ ಉಂಡ ಕೊನೆಯ ಊಟ. ಪಕ್ಕದ ಸ್ಟೂಲಿಗೆ ಮೇಸ್ತ್ರಿ ಬಂದ. ನನ್ನ ಕೈಗೆ ಬಂದದ್ದು ರೇಡಿಯೋ ಹೆಂಡತಿಯ ಡಬ್ಬಿ. ಅಷ್ಟೇನೂ ಕೆಟ್ಟದಾಗಿಲ್ಲ, ಸುಮ್ಮನೆ ಬಯ್ಯುತ್ತಾನೆ.

ದೊಡ್ಡಕ್ಕ ಇವತ್ತೂ ನನ್ನದನ್ನೇ ಎತ್ತಿಕೊಂಡರು. “ಕೊನೇ ಸಲ ಅಂತ ಸಿಹಿ ಗಿಹಿ ಹಾಕಿದೀರೇನೋ ಅಂದ್ಕೊಂಡೆ ಅಣ್ಣಾ,” ಅಂದರು. ಪೂರ್ತಿ ಉಂಡರು. ನೀರು ಕುಡಿದರು. ಮತ್ತೆ ಕುಡಿದರು. ಕಣ್ಣಲ್ಲಿ ನೀರಿದ್ದ ಹಾಗಿತ್ತು. ಹಬೆ.

ಡಿಸೆಂಬರ್ 1, ಸೋಮವಾರ. ಸಂಜೆ

ರೋಲರ್ ನಿಲ್ಲಲಿಲ್ಲ. ವ್ಯಾನ್ ಎರಡೂವರೆಗೆ ಮುಂಚೆಯೇ ಹೊರಟಿತು. ಮೂರರೊಳಗೆ ಮುಟ್ಟಿತು ಎಂದು ಆಸ್ಪತ್ರೆಯಿಂದ ಫೋನ್. ಮೇಡಂ ಓಡಿಬಂದು ಕೈಕುಲುಕಿದರು. ಟೆಕ್ಸ್ಟ್‌ಬುಕ್ ಎಕ್ಸಾಂಪಲ್ ಅಂದರು ನನ್ನನ್ನು.

ವ್ಯಾನ್ ಹೋದ ಮೇಲೆ ಊಟದ ಕೋಣೆಗೆ ಹೋಗಿದ್ದೆ. ಉದ್ದನೆಯ ಮೇಜು. ಒರೆಸಿಟ್ಟಿದ್ದರು. ಹಲಗೆಯ ಮೇಲೆ ಒಂದೇ ಗಂಟು.

ಅದನ್ನು ಹಾಗೆ ಒಂಟಿಯಾಗಿ ನೋಡಿದ್ದು ಇದೇ ಮೊದಲು. ಎಲ್ಲರದೂ ಒಂದೇ ಬಟ್ಟೆ ನಿಜ, ಗಂಟು ಒಂದೇ ಅಲ್ಲ. ನಾನು ಮೂಟೆಗೆ ಕಟ್ಟುವ ಗಂಟನ್ನೇ ಡಬ್ಬಿಗೂ ಕಟ್ಟುತ್ತೇನೆ — ಎರಡು ಸುತ್ತು, ಒಂದು ಕಿವಿ ಮೇಲೆ, ಒಂದು ಕೆಳಗೆ. ಇಡೀ ಲಾಂಡ್ರಿಯಲ್ಲಿ ಹಾಗೆ ಕಟ್ಟುವವನು ನಾನೊಬ್ಬನೇ. ದಿನವಿಡೀ ನನ್ನ ಗಂಟು ಬಿಚ್ಚುವ ದೊಡ್ಡಕ್ಕನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಮೂಗು ಬೇಕಿರಲಿಲ್ಲ. ಅವರು ನೋಡಿಯೇ ಎತ್ತಿಕೊಳ್ಳುತ್ತಿದ್ದರು. ಬೇರೆ ಯಾರೂ ಮುಟ್ಟುವ ಮುಂಚೆ.

ನನ್ನ ಜಾಗದ ಮುಂದೆ ಒಂದು ಜಗ್ ತುಂಬ ನೀರು. ಮೇಲೆ ಲೋಟ ಕವುಚಿಟ್ಟಿತ್ತು. ಯಾರು ಇಟ್ಟರು, ಒಬ್ಬನಿಗೆ ಇಷ್ಟು ನೀರು ಯಾಕೆ ಎಂದುಕೊಂಡೆ.

ಮೊದಲ ತುತ್ತು.

ಉಗುಳಬೇಕೆನಿಸಿತು. ಉಪ್ಪು. ಬರೀ ಉಪ್ಪು. ಕಾಳಿನಲ್ಲಿ ಉಪ್ಪಲ್ಲ, ಉಪ್ಪಿನಲ್ಲಿ ಕಾಳು.

ಗಾಜಿನಾಚೆ ಇಸ್ತ್ರಿ ಕಾಣುತ್ತದೆ. ದೊಡ್ಡಕ್ಕ ರೋಲರಿಗೆ ಬಟ್ಟೆ ಕೊಡುತ್ತ ನಿಂತಿದ್ದರು. ನನ್ನ ಕಡೆಗೇ ನೋಡುತ್ತಿದ್ದರು. ನಾನು ನೋಡಿದ ಕೂಡಲೇ ತಿರುಗಿಕೊಂಡರು.

ಪೂರ್ತಿ ತಿಂದೆ. ಒಂದು ವರ್ಷ ಅವರು ತಿಂದದ್ದು, ಬಿಡಲು ನಾನು ಯಾರು? ಜಗ್ ಖಾಲಿಯಾಯಿತು. ಡಬ್ಬಿ ತೊಳೆದೆ, ನನ್ನ ಡಬ್ಬಿಯನ್ನು ನಾನೇ, ಲಾಂಡ್ರಿಯಲ್ಲಿ ಮೊದಲ ಸಲ. ಅವರ ಹತ್ತಿರ ಹೋಗಿ ಏನಾದರೂ ಹೇಳಬೇಕಿತ್ತು. ಥ್ಯಾಂಕ್ಸ್ ಎನ್ನುವುದು ತೀರ ಇಂಗ್ಲಿಷ್. ಕನ್ನಡದಲ್ಲಿ ಏನಿದೆಯೋ ಬಾಯಿಗೆ ಬರಲಿಲ್ಲ. ಅವರು ಮಡಿಚುತ್ತಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಸಂಜೆಯ ಬೆಲ್ ಆಗುವವರೆಗೆ ಮಡಿಚಿದೆವು.

ಡಿಸೆಂಬರ್ 2, ಮಂಗಳವಾರ. ಬೆಳಗ್ಗೆ

ಕಾಳು ಬೆಂದಿತು. ಡಬ್ಬಿ ಮುಚ್ಚುವ ಹೊತ್ತು.

ಕೇಳಿದಳು. ರೀ, ಉಪ್ಪು ಹಾಕಿದ್ರಾ?

ಹಾಕಿದೀನಿ ಕಣೇ, ಅಂದೆ. ಜೋರಾಗಿಯೇ ಅಂದೆ. ಇಷ್ಟು ದಿನದಲ್ಲಿ ಉತ್ತರ ಕೊಟ್ಟದ್ದು ಇದೇ ಮೊದಲು. ಕಾದೆ. ಆ ಕಡೆಯಿಂದ ಮತ್ತೇನೂ ಬರಲಿಲ್ಲ. ಅಷ್ಟನ್ನೇ ಕೇಳುತ್ತಿದ್ದಳೇನೋ.

ಚಮಚದ ತುದಿಯಲ್ಲಿ ಸ್ವಲ್ಪ ತೆಗೆದುಕೊಂಡಿದ್ದೇನೆ. ಬಿಸಿ ಇದೆ. ಆರಿದ ಮೇಲೆ ರುಚಿ ನೋಡುತ್ತೇನೆ.